ಒಂಬತ್ತು ಎಳೆಗಲ್ಲು

ಶಹಾಬಾದ್ ಕಲ್ಲಿನೊಳಗೆ ಕೆಲವೊಮ್ಮೆ ಒಂದು ಎಳೆ ಇರುತ್ತದೆ. ಕೂದಲಿಗಿಂತ ಸಣ್ಣ ಬಿರುಕು. ಒಣ ಕಲ್ಲಿನಲ್ಲಿ ಅದು ಕಾಣುವುದಿಲ್ಲ. ಕಲ್ಲಿನ ಮೇಲೆ ನೀರು ಸುರಿದು ಕಾಯಬೇಕು. ಮೈಯೆಲ್ಲ ಆರಿ ಬೂದಿಬಣ್ಣಕ್ಕೆ ತಿರುಗಿದ ಮೇಲೂ ಬಿರುಕಿನೊಳಗಿನ ನೀರು ಆರಿರುವುದಿಲ್ಲ. ಕಪ್ಪು ದಾರ ಬಿದ್ದಂತೆ ಒಂದು ಗೆರೆ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ನೋಡಿದವನಿಗೆ ಕಂಡಿತು. ಬೀಡಿ ಹಚ್ಚಲು ಮುಖ ತಿರುಗಿಸಿದವನಿಗೆ ಇಲ್ಲ.

ನಾನು ಮುಕಾದಮನಾಗಿ ಆಳುಗಳ ಮೇಲ್ವಿಚಾರಣೆಗಿದ್ದ ಕಲ್ಲಿನ ಖಣಿಯಲ್ಲಿ ಹೀಗೆ ಕೂತು ನೋಡುತ್ತಿದ್ದವನು ಒಬ್ಬನೇ. ಅರವತ್ತು ದಾಟಿದ ಕಲ್ಲುಗಾರ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದೆವು. ನೆಲದಿಂದ ಎಬ್ಬಿಸಿದ ಪರಸಿಗಳನ್ನು, ಅಂದರೆ ಹಾಸುಗಲ್ಲುಗಳನ್ನು, ಸಾಲಾಗಿ ಹಾಸಿ, ಖಣಿಯ ತಗ್ಗಿನಿಂದ ಕೊಡದಲ್ಲಿ ನೀರು ಹೊತ್ತು ತಂದು ಒಂದೊಂದಕ್ಕೂ ಸುರಿದು, ಕುಕ್ಕರಗಾಲಲ್ಲಿ ಕೂತು ಅವು ಆರುವುದನ್ನು ನೋಡುತ್ತಿದ್ದ. ಒಂದು ಮೈ ಆದ ಮೇಲೆ ಹೊರಳಿಸಿ ಇನ್ನೊಂದು ಮೈ. ಎಳೆ ಇಲ್ಲದ ಕಲ್ಲಿನ ಮೂಲೆಗೆ ಹೆಬ್ಬೆರಳಿನಿಂದ ಸುಣ್ಣದ ಬೊಟ್ಟು ಇಡುತ್ತಿದ್ದ. ಎಳೆ ಇದ್ದದ್ದರ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಕತ್ತರಿ ಗುರುತು. ಅಂಥವು ಕೊಟ್ಟಿಗೆಗೆ, ಬಚ್ಚಲಿಗೆ ಹೋಗುತ್ತಿದ್ದವು.

ನಮ್ಮ ಕಡೆ ಮಾಳಿಗೆಗೆ ಹೊದಿಸುವುದೂ ಇದೇ ಕಲ್ಲು. ಹಳೆಯ ರೈಲು ಕಂಬಿಗಳನ್ನು ಗೋಡೆಯಿಂದ ಗೋಡೆಗೆ ಇಟ್ಟು, ಕಂಬಿಯಿಂದ ಕಂಬಿಗೆ ಪರಸಿ ಹಾಸಿ, ಮೇಲೆ ಗೇಣಿನಷ್ಟು ಮಣ್ಣು ಹಾಕಿ ಬಡಿಯುತ್ತಾರೆ. ಎಳೆ ಇದ್ದ ಕಲ್ಲು ನೆಲದಲ್ಲಾದರೆ ನಾಲ್ಕು ತಲೆಮಾರು ಬಾಳೀತು. ತಲೆಯ ಮೇಲಾದರೆ ಯಾವಾಗ ಬೀಳುತ್ತದೆಂದು ಹೇಳಲು ಬರುವುದಿಲ್ಲ. ಅದಕ್ಕೇ ಸೇಡಂ, ಚಿಂಚೋಳಿ ಕಡೆಯಿಂದ ಬಂದವರು "ಬೊಟ್ಟಿನ ಕಲ್ಲು ಕೊಡ್ರಿ" ಎಂದೇ ಕೇಳುತ್ತಿದ್ದರು.

ನನಗೆ ಇದೆಲ್ಲ ನಗೆಯ ಮಾತಾಗಿತ್ತು. "ಕಾಕಾ, ಕಲ್ಲಿಗೆ ಎಣ್ಣಿ ಸ್ನಾನ ಆತೇನು? ಲೋಬಾನದ ಹೊಗಿ ಹಾಕಸ್ಲೇನು?" ಎನ್ನುತ್ತಿದ್ದೆ. ಹತ್ತನೆಯ ಇಯತ್ತೆ ಪಾಸಾಗಿದ್ದೆ. ವಾಡಿಯಲ್ಲಿ ಯಾವುದಾದರೂ ಕಚೇರಿಯ ಕುರ್ಚಿಯ ಮೇಲೆ ಕೂರಬೇಕಾದವನು ಈ ಧೂಳಿನಲ್ಲಿ ಬಿದ್ದಿದ್ದೇನೆ ಎಂಬ ಸೊಕ್ಕು ನನಗಿತ್ತು. ಐದು ಗಂಟೆಗೆ ಸೈಕಲ್ ಹತ್ತುವುದೇ ದಿನದ ಗುರಿ. ಕಾಕಾ ಒಮ್ಮೆ ಹೇಳಿದ್ದ: "ನೀ ಕಲ್ಲು ನೋಡಂಗಿಲ್ಲ ತಮ್ಮಾ, ಕೈಗಡಿಯಾರ ನೋಡ್ತಿ." ಅದಕ್ಕೂ ನಕ್ಕಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಕೊಡ್ಲಿಯ ಆಚೆಗಿನ ಹಳ್ಳಿಯ ರೈತನೊಬ್ಬ ಹೊಸ ಮನೆಯ ಪಡಸಾಲೆಯ ಮಾಳಿಗೆಗೆ ಅರವತ್ತನಾಲ್ಕು ಬೊಟ್ಟಿನ ಕಲ್ಲು ಹೇಳಿದ್ದ. ಲಾರಿ ಬಂದ ದಿನ ಕಾಕಾ ತೀರಿಹೋದ ಸಂಬಂಧಿಕರ ಮಣ್ಣಿಗೆಂದು ಚಿತ್ತಾಪುರಕ್ಕೆ ಹೋಗಿದ್ದ. ಎಣಿಸಿದರೆ ಬೊಟ್ಟಿನ ಕಲ್ಲು ಐವತ್ತೈದೇ ಇದ್ದವು. ತೋಯಿಸದ ಕಲ್ಲುಗಳ ರಾಶಿ ಅಲ್ಲೇ ಇತ್ತು. ನೀರು ಹೊತ್ತು ಎರಡೂ ಮೈ ನೋಡಲು ಎರಡು ತಾಸು ಬೇಕು. ಆಗ ಗಂಟೆ ನಾಲ್ಕೂಕಾಲು. ಲಾರಿಯ ಪಕ್ಕದಲ್ಲೇ ಕೆಮ್ಮಣ್ಣಿನ ಗುರುತಿನ ರಾಶಿ, ಅಳತೆಗೆ ಸರಿಯಾಗಿ ಕತ್ತರಿಸಿದ್ದ ಕಲ್ಲುಗಳು. ಹಸಿ ಗೋಣಿ ತಟ್ಟಿನಿಂದ ಒಂಬತ್ತು ಕಲ್ಲಿನ ಗುರುತು ಒರೆಸಿದೆ. ಕಾಕಾನ ಸುಣ್ಣದ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ ಒಂಬತ್ತಕ್ಕೂ ಬೊಟ್ಟು ಇಟ್ಟೆ. ಐದಕ್ಕೆ ಸೈಕಲ್ ಹತ್ತಿದೆ.

ಯಾರೂ ನನಗೆ ಲಂಚ ಕೊಟ್ಟಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಮನೆಯಲ್ಲಿ ಅಂದು ಯಾವ ಕೆಲಸವೂ ಇರಲಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಕೈ ಬಾರದಿದ್ದುದಕ್ಕೆ ಅದೂ ಒಂದು ಕಾರಣ. ಹೇಳಿಕೊಳ್ಳುವಂಥ ದೊಡ್ಡ ಕಾರಣವಾದರೂ ಇದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ಕಾಕಾ ಕೇಳಿದ: "ಎಣಿಕಿ ಬರೋಬ್ಬರಿ ಆತೇನು?"

"ಆತು," ಎಂದೆ.

ಮೂರು ವಾರದ ಮೇಲೆ ಅದೇ ಲಾರಿಯ ಡ್ರೈವರ್ ಬಂದು ಸುದ್ದಿ ಹೇಳಿದ. ಆ ರೈತನ ಮನೆಯಲ್ಲಿ ಮಾಳಿಗೆಗೆ ಮಣ್ಣು ಬಡಿಯುವಾಗ ಒಂದು ಪರಸಿ ಟಕ್ಕೆಂದು ಸದ್ದು ಮಾಡಿದೆ. ಕೆಳಗಿನಿಂದ ನೋಡಿದರೆ ಉದ್ದಕ್ಕೆ ಗೆರೆ. ಕೆಳಗೆ ಜಾಲಿಯ ಕಂಬ ಕೊಟ್ಟು ನಿಲ್ಲಿಸಿದ್ದಾರೆ. ಇನ್ನು ನಾಲ್ಕು ದಿನಕ್ಕೆ ಮನೆಯ ವಾಸ್ತು, ಗೃಹಪ್ರವೇಶ. ಊಟಕ್ಕೆ ಮಂದಿ ಕೂರುವುದು ಅದೇ ಪಡಸಾಲೆಯಲ್ಲಿ.

ಕಾಕಾನ ಮುಖ ಸುಣ್ಣದಂತಾಯಿತು. "ಬೊಟ್ಟು ಇತ್ತೇನು ಆ ಕಲ್ಲಿಗಿ?"

"ಇತ್ತು. ನಾನೇ ನೋಡೀನಿ," ಎಂದ ಡ್ರೈವರ್.

"ನಾಳಿ ನಾ ಬರ್ತೀನಿ," ಎಂದ ಕಾಕಾ.

ನಾನೂ ಬರುತ್ತೇನೆಂದೆ. ಹಿರಿಯನೊಬ್ಬನನ್ನೇ ಕಳಿಸಬಾರದೆಂದು ಎಲ್ಲರೂ ತಿಳಿದರು. ಅಲ್ಲಿ ಏನು ಹೊರಬೀಳುತ್ತದೋ ಎಂಬ ಭಯವೇ ನನ್ನನ್ನು ಎಳೆದದ್ದು. ಬದಲಿ ಕಲ್ಲು ಲಾರಿಗೆ ಹಾಕುವಾಗ ಕಾಕಾ "ನಾಕು ಸಾಕು" ಎಂದ. ನಾನು ಹತ್ತು ಹಾಕಿಸಿದೆ. "ಇವತ್ತು ಮೊದಲನೇ ಸಲ ಅಕ್ಕಲಿನ ಮಾತು ಹೇಳಿದಿ ನೋಡು," ಎಂದು ಅವನು ನನ್ನ ಬೆನ್ನು ತಟ್ಟಿದ.

ಚಿತ್ತಾಪುರ, ಸೇಡಂ ದಾಟಿ ಹಳ್ಳಿ ಮುಟ್ಟುವಾಗ ಬಿಸಿಲೇರಿತ್ತು. ಮನೆಯ ಯಜಮಾನ, ಕಲ್ಲು ಹೇಳಿದ್ದ ರೈತ, ಬಾಗಿಲಲ್ಲೇ ನಿಂತಿದ್ದ. ನನ್ನ ಕಡೆ ನೋಡಲೂ ಇಲ್ಲ. ಕಾಕಾನ ರಟ್ಟೆ ಹಿಡಿದು ಒಳಗೆ ಒಯ್ದು ಕಂಬ ಕೊಟ್ಟಿದ್ದ ಕಲ್ಲನ್ನು ತೋರಿಸಿದ.

"ಇದು ಯಾರ ಬೊಟ್ಟು?"

ಕಾಕಾ ಏಣಿ ಹತ್ತಿ ಮೂಲೆಯ ಬಿಳಿ ಗುರುತನ್ನು ಬೆರಳಿಂದ ಮುಟ್ಟಿದ. "ನಂದೇ."

"ಐದೂರಿನ ಮಂದಿ ನಿನ್ನ ಕಣ್ಣು ಅಂದ್ರ ದೇವರ ಕಣ್ಣು ಅಂತಾರ. ನನ್ನ ಅವ್ವ ಇದರ ಕೆಳಗ ಮಲಗಾಕಿ ಇದ್ಳು, ಗೊತ್ತದೇನು? ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕುಂಡ್ರಬೇಕಪ್ಪಾ. ಮಂದಿ ಜೀವದ ಜೋಡಿ ಯಾಕ ಆಡ್ತಿ?"

"ತಪ್ಪಾಗ್ಯಾದ್ರಿ," ಎಂದ ಕಾಕಾ. ನಾನು ಗೋಡೆಗೆ ಒರಗಿ ನಿಂತಿದ್ದೆ.

ಒಂದು ಕಲ್ಲು ತಪ್ಪಿದ್ದರೆ ಇನ್ನೂ ತಪ್ಪಿರಬಹುದೆಂದು ಕಾಕಾ ಎಲ್ಲವನ್ನೂ ನೋಡಲು ನಿಂತ. ಮೇಲೆ ಮಣ್ಣು ಕೂತಿದ್ದರಿಂದ ಬಡಿದು ಸದ್ದು ಕೇಳಿ ಪ್ರಯೋಜನವಿರಲಿಲ್ಲ. ಎಲ್ಲ ಕಲ್ಲೂ ಒಂದೇ ಸಮ ದಪ್ ಎನ್ನುತ್ತಿದ್ದವು. ಉದ್ದ ಬಿದಿರಿಗೆ ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ಕೆಳಗಿನಿಂದ ಒಂದೊಂದು ಕಲ್ಲಿನ ಹೊಟ್ಟೆ ಒರೆಸಿದ. ಆಮೇಲೆ ಏಣಿಯ ಮೇಲೆ ಕುತ್ತಿಗೆ ಹೊರಳಿಸಿ ಕಾಯುವುದು. ನೆರಳಿನಲ್ಲಿ ಕಲ್ಲು ಬೇಗ ಆರುವುದಿಲ್ಲ. ಒಂದು ಸಾಲಿಗೆ ಅರ್ಧ ತಾಸು. ಸಂಜೆಯೊಳಗೆ, ಮೊದಲಿನದೂ ಸೇರಿ, ಆರು ಎಳೆಗಲ್ಲು ಸಿಕ್ಕವು. ಒಂದೊಂದು ಸಿಕ್ಕಾಗಲೂ ಯಜಮಾನನ ಆಳು ಕೆಳಗೊಂದು ಜಾಲಿ ಕಂಬ ಕೊಡುತ್ತಿದ್ದ, ಕಾಕಾ ಮೂಲೆಯ ಬೊಟ್ಟು ಮುಟ್ಟಿ ನೋಡುತ್ತಿದ್ದ. ಆರಕ್ಕೂ ಬೊಟ್ಟು ಇತ್ತು.

ಆರನೆಯದು ಸಿಕ್ಕ ಮೇಲೆ ಅವನು ಏಣಿ ಇಳಿದು ಹೊರಗೆ ಬಂದು ಒಂದು ಕಣ್ಣು ಮುಚ್ಚಿಕೊಂಡ.

"ತಮ್ಮಾ, ಆ ತಂತಿ ಮ್ಯಾಲ ನಾಕು ಗುಬ್ಬಿ ಅದಾವ ಹೌದಿಲ್ಲೋ?"

ಎಣಿಸಿದೆ. ನಾಲ್ಕೇ ಇದ್ದವು. "ಹೌದು ಕಾಕಾ."

ಇನ್ನೊಂದು ಕಣ್ಣು ಮುಚ್ಚಿ ನೋಡಿದ. "ಈ ಕಣ್ಣಿಗೂ ನಾಕೇ. ಅಂದ್ರ ದೂರಿಂದು ಕಾಣ್ತದ. ಹತ್ರದ್ದು ಹೋಗಿರಬೇಕು." ತನ್ನ ಹೆಬ್ಬೆರಳನ್ನು ನೋಡಿಕೊಂಡು ಹೇಳಿದ: "ಇದು ಮುಗದ ಮ್ಯಾಲ ನಾ ಕಲ್ಲಿಗಿ ಕೈ ಹಚ್ಚಂಗಿಲ್ಲ. ಬೊಟ್ಟು ಇಡೋ ಕೈ ಇದಲ್ಲ."

ಆಗಲೂ ನಾನು ಹೇಳಲಿಲ್ಲ. ಹೇಳಬಹುದಿತ್ತು, ಅಲ್ಲಿ ನಾವಿಬ್ಬರೇ ಇದ್ದೆವು. ಬದಲಿಗೆ, "ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೋದೇ ಕಾಕಾ," ಎಂದೆ. ನಾನು ಜೀವನದಲ್ಲಿ ಆಡಿದ ಮಾತುಗಳಲ್ಲಿ ಅದರಷ್ಟು ಹೊಲಸು ಮಾತು ಇನ್ನೊಂದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಆರೂ ಕಲ್ಲುಗಳ ಮೇಲಿನ ಮಣ್ಣು ತೆಗೆದು, ಅವನ್ನು ಎಬ್ಬಿಸಿ, ಹೊಸವನ್ನು ಕಂಬಿಗೆ ಕೂರಿಸಿ, ಸಂದಿಗೆ ಗಾರೆ ತುಂಬಿ, ಮತ್ತೆ ಮಣ್ಣು ಬಡಿದೆವು. ಹನ್ನೊಂದರ ಸುಮಾರಿಗೆ ಕೆಲಸ ಮುಗಿಯಿತು. ಕಾಕಾ ಕೆಳಗಿನಿಂದ ಇನ್ನೊಮ್ಮೆ ಕಣ್ಣಾಡಿಸಿ, "ನನಗ ಕಂಡಿದ್ದು ಇಷ್ಟೇ ನೋಡ್ರಿ. ಕಂಬ ತೆಗೀರಿ," ಎಂದ.

ಆಳು ಕಂಬ ಕೀಳತೊಡಗಿದ. ನನ್ನ ತಲೆಯಲ್ಲಿ ಒಂದೇ ಲೆಕ್ಕ: ಒಂಬತ್ತರಲ್ಲಿ ಆರು ಹೋದರೆ ಮೂರು. ಆ ಮೂರಕ್ಕೆ ಎಳೆ ಮೇಲಿನ ಮೈಯಲ್ಲಿರಬೇಕು. ಕೆಳಗಿನಿಂದ ಎಷ್ಟು ಒರೆಸಿದರೂ ಕಾಣುವುದಿಲ್ಲ. ಈ ಲೆಕ್ಕ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಇನ್ನೆರಡು ದಿನಕ್ಕೆ ಅದರ ಕೆಳಗೆ ಪಂಕ್ತಿ ಕೂರುತ್ತದೆ.

ಆಗ ಮಾಳಿಗೆಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಯಜಮಾನನ ತಾಯಿ ಸಂಡಿಗೆ ಒಣಗಿಸಲು ಏರಿದ್ದಳು. ಅವಳು ನಡೆದಲ್ಲೆಲ್ಲ ಸಂದಿಯಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು. ನಾನು ಕೆಳಗೆ ನಿಂತು ಆ ಉದುರುವ ಮಣ್ಣನ್ನು ನೋಡುತ್ತಿದ್ದೆ. ಅದು ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯಿತು. ಅಲ್ಲಿಂದ ಮುಂದಿನದಕ್ಕೆ.

"ಆಯಿ, ಇಳೀರಿ! ಜಲ್ದಿ ಇಳೀರಿ!" ಎಂದು ಕೂಗಿದೆ.

"ಯಾಕೋ ಯಪ್ಪಾ? ನನ್ನ ಭಾರಕ್ಕ ಕಲ್ಲು ಮುರೀತದೇನು? ಒಣಗಿ ಶ್ಯಾವಿಗಿ ಆಗೀನಿ ನಾ."

"ಇನ್ನ ಮೂರು ಅದಾವ!" ಎಂದೆ. "ಒಟ್ಟು ಒಂಬತ್ತು. ಗುರುತು ಒರೆಸಿ ನಾನೇ ಲಾರಿಗೆ ಹಾಕಿಸೀನಿ. ಬೊಟ್ಟೂ ನಾನೇ ಇಟ್ಟೀನಿ. ಕಾಕಾಂದು ಏನೂ ತಪ್ಪಿಲ್ಲ."

ಕಂಬ ಕೀಳುತ್ತಿದ್ದ ಆಳು ಹಾಗೇ ನಿಂತ. ಯಜಮಾನ ಎರಡು ಹೆಜ್ಜೆಗೆ ಬಂದು ನನ್ನ ಅಂಗಿಯ ಕೊರಳು ಹಿಡಿದ. ಕೈ ಎತ್ತಿದ್ದೂ ಕಂಡೆ. ಅಷ್ಟರಲ್ಲಿ ಏಣಿಯ ತುದಿಯಿಂದ ಮುದುಕಿ ಕೂಗಿದಳು: "ಈಗ ಹೊಡೀಬ್ಯಾಡೋ! ಮೊದಲ ಕಲ್ಲು ಹುಡುಕಲಿ. ಆಮ್ಯಾಲ ಹೊಡಿಯಂತಿ, ನಾನೂ ಎರಡು ಹಾಕ್ತೀನಿ."

ನಾನು ನೋಡಿದ್ದು ಕಾಕಾನನ್ನು. ಸಿಟ್ಟು ಬರುತ್ತದೆಂದು ಕಾದೆ. ಅವನು ತನ್ನ ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಂಡು, ತೆಗೆದು, ಮೆಲ್ಲಗೆ ಹೇಳಿದ:

"ಹಂಗಾದ್ರ ನನ್ನ ಕಣ್ಣು ಛಲೋ ಅದಾವ."

ಮುಖದಲ್ಲಿ ಕೂಸಿಗಿರುವಂಥ ಸಂತೋಷವಿತ್ತು. ಆಮೇಲೆ ಅದು ಇಳಿಯಿತು. ನನ್ನ ಮುಂದೆ ಬಂದು ನಿಂತ. "ನಿನ್ನೆ ನಾ ಗುಬ್ಬಿ ಎಣಿಸಿದಾಗ ನೀ ನನ್ನ ಮಗ್ಗುಲಿಗೇ ಇದ್ದಿ." ಅಷ್ಟು ಹೇಳಿ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಯಜಮಾನ ಕರೆದರೂ ಏಳಲಿಲ್ಲ. "ಅವನ ಮೂರು ಕಲ್ಲು. ಅವನೇ ಹುಡುಕಲಿ," ಎಂದ.

ಯಜಮಾನನ ಆಳು ಕಂಬಗಳನ್ನು ಮತ್ತೆ ಎಲ್ಲೆಂದರಲ್ಲಿ ಕೊಟ್ಟ. ನಾನು ಸಲಿಕೆ ಹಿಡಿದು ಮೇಲೆ ಹತ್ತಿದೆ. ಎಲ್ಲ ಮಣ್ಣನ್ನೂ ತೆಗೆಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ಕಂಬಿಗಳ ತುದಿಗಳು ಗೋಡೆಯ ಮೇಲೆ ಎದ್ದು ಕಾಣುತ್ತಿದ್ದವು. ಅವುಗಳ ನೇರಕ್ಕೆ ಹಗ್ಗ ಎಳೆದು, ಆ ಗೆರೆಯ ಮೇಲಷ್ಟೇ ಕಾಲಿಡುತ್ತ, ಎರಡು ಕಂಬಿಗಳ ನಡುವಿನ ಮಣ್ಣನ್ನು ಕೂತಲ್ಲಿಂದಲೇ ಎಳೆದು ಬುಟ್ಟಿಗೆ ತುಂಬಿದೆ. ಒಂದು ಸಲ ಸಮತೋಲ ತಪ್ಪಿ ಎಡಗಾಲು ಕಲ್ಲಿನ ನಡುವೆ ಬಿತ್ತು. ಏನೂ ಆಗಲಿಲ್ಲ. ಆದರೆ ಆ ಕಲ್ಲಿನ ಕೆಳಗೆ ಕೂರುವವರಿಗೆ ನಾನು ಏನನ್ನು ಕಳಿಸಿದ್ದೆನೆಂಬುದು ಕಾಲಿನ ಮೂಲಕ ತಿಳಿಯಿತು.

ಮಧ್ಯಾಹ್ನ ಒಂದಕ್ಕೆ ಎರಡು ಸಾಲು ಬಯಲಾದವು. ನೀರು ಸುರಿದೆ. ಬಿಸಿಲು ಹೇಗಿತ್ತೆಂದರೆ ಕಲ್ಲು ಕೂಡಲೇ ಆರಿತು, ಎಳೆಯಲ್ಲಿನ ನೀರೂ ಅದರ ಜೊತೆಯೇ ಹೋಯಿತೇನೋ, ಏನೂ ಕಾಣಲಿಲ್ಲ. ಮತ್ತೆ ಸುರಿದೆ. ಮತ್ತೆ ಇಲ್ಲ. ಹತ್ತು ಕೊಡ ನೀರು ಖರ್ಚಾಯಿತು. ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಬೇವಿನ ಕೆಳಗಿನಿಂದ ದನಿ ಬಂತು, ಮುಖ ಈ ಕಡೆ ತಿರುಗಿಸದೆಯೇ: "ಬಿಸಲಾಗ ಕಾಣ್ತದೇನು ಅದು? ನೆರಳು ಹಿಡೀರಿ."

ಯಜಮಾನ ಮನೆಯೊಳಗಿಂದ ಜಮಖಾನ ತಂದ. ಅವನೂ ಆಳೂ ಎರಡು ಗೋಡೆಗಳ ಮೇಲೆ ನಿಂತು ಅದನ್ನು ಎಳೆದು ಹಿಡಿದರು. ಅದರ ನೆರಳಲ್ಲಿ ಮಂಡಿಯೂರಿ, ಒಂದೊಂದೇ ಕಲ್ಲಿಗೆ ನೀರು ಹಾಕಿ ನೋಡತೊಡಗಿದೆ. ಮೂಲೆಗಳು ಮೊದಲು ಬಿಳುಪಾಗುತ್ತವೆ. ಆರಿದ ಭಾಗ ಅಂಚಿನಿಂದ ನಡುವಿಗೆ ಸರಿಯುತ್ತ ಬರುತ್ತದೆ. ಒಂದು ಕಡೆ ಅದು ತಡೆದು ನಿಂತರೆ ಅಲ್ಲಿ ಏನೋ ಇದೆ. ಹತ್ತಾರು ವರ್ಷ ಕಲ್ಲಿನ ನಡುವೆ ಇದ್ದು ಇಷ್ಟನ್ನೂ ನಾನು ನೋಡಿರಲಿಲ್ಲ. ಏಳನೆಯ ಕಲ್ಲು ಹಾಗೆ ಸಿಕ್ಕಿತು. ನಡುವೆ ಅಡ್ಡಕ್ಕೆ, ಕಾಡಿಗೆ ಎಳೆದ ಹಾಗೆ. ಸೂರ್ಯ ಇಳಿಯುವ ಮೊದಲು ಎಂಟನೆಯದೂ ಸಿಕ್ಕಿತು. ಅದು ಮುದುಕಿಯ ಸಂಡಿಗೆಯ ಚಾಪೆ ಇದ್ದ ಜಾಗದ ಪಕ್ಕದಲ್ಲೇ ಇತ್ತು.

ಬೆಳಕಿರುವಷ್ಟು ಹೊತ್ತೂ ಮಣ್ಣು ತೆಗೆದೆ. ಅರವತ್ತನಾಲ್ಕೂ ಬಯಲಾದವು, ಎಲ್ಲವನ್ನೂ ತೋಯಿಸಿದೆ. ಒಂಬತ್ತನೆಯದು ಸಿಗಲಿಲ್ಲ.

ಮೂರನೆಯ ದಿನ ಎಳೆಬಿಸಿಲಿನಲ್ಲೇ ಮತ್ತೆ ಹತ್ತಿದೆ. ಕಾಕಾ ಗಿಡದ ಕೆಳಗೇ ಇದ್ದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತೋಯಿಸಿ ನೋಡಿದೆ. ಇಲ್ಲ. ಯಜಮಾನ ಕೆಳಗಿನಿಂದ ಕೇಳಿದ: "ಎಣಿಕಿ ತಪ್ಪಿರಬೇಕು ನೋಡಪಾ. ಎಂಟೇ ಹಾಕಿದ್ದೇನು?"

ಆ ಪ್ರಶ್ನೆಯಲ್ಲಿ ಒಂದು ಬಾಗಿಲಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಅವನಿಗೂ ಅವಸರವಿತ್ತು, ಮರುದಿನ ಮಂದಿ ಬರುವವರು. ನನ್ನ ಮೈಕೈ ಹಣ್ಣಾಗಿದ್ದವು. ಎಂಟೇ ಇದ್ದರೂ ಇರಬಹುದೇನೋ ಎಂದು ಒಂದು ಕ್ಷಣ ನನಗೇ ಅನಿಸಿತು. ಆದರೆ ಒಂಬತ್ತು ಸಲ ಸುಣ್ಣದಲ್ಲಿ ಅದ್ದಿದ ಹೆಬ್ಬೆರಳು ನನ್ನದು.

"ಒಂಬತ್ತೇ ಅದಾವ್ರಿ," ಎಂದೆ.

ಕೂತು ಯೋಚಿಸಿದೆ. ಬಡಿದ ಮಣ್ಣು ಕಲ್ಲಿಗೆ ಅಂಟಿ, ತೋಯಿಸಿದಾಗ ರಾಡಿಯಾಗಿ ಬಿರುಕಿನ ಬಾಯಿಯನ್ನೇ ಮುಚ್ಚಿರಬಹುದು. ತೆಂಗಿನ ನಾರು ಕೇಳಿ ಇಸಿದುಕೊಂಡು ಪ್ರತಿ ಕಲ್ಲನ್ನೂ ತಿಕ್ಕಿ ತೊಳೆದೆ, ರಾಡಿ ಹೋಗಿ ತಿಳಿನೀರು ಹರಿಯುವವರೆಗೆ. ಬೆರಳ ತುದಿಯ ಚರ್ಮ ಕಿತ್ತುಬಂತು. ನಡುವೆ ಒಮ್ಮೆಯೂ ಗಡಿಯಾರದ ಕಡೆ ನೋಡಲಿಲ್ಲವೆಂಬುದು ಆಮೇಲೆ ನೆನಪಾಯಿತು. ನಾಲ್ಕನೆಯ ಸಾಲಿನಲ್ಲಿ, ಕಂಬಿಗೆ ತೀರ ಹತ್ತಿರ, ಎರಡು ದಿನ ನಾನು ಧೈರ್ಯವಾಗಿ ಕಾಲಿಟ್ಟು ಓಡಾಡಿದ್ದ ಅಂಚಿನಲ್ಲಿ, ಬಿಳುಪು ಬಂದು ತಡೆದು ನಿಂತಿತು. ಬಾಗಿದೆ. ಹುಬ್ಬಿನ ಕೂದಲಿನಷ್ಟು ಗೆರೆ. ನೋಡುತ್ತಿದ್ದಂತೆ ಒಂದು ತುದಿಯಿಂದ ಆರುತ್ತ ಬಂತು. ಮಾಯವಾಗುವ ಮೊದಲು ಅದರ ಮೇಲೆ ಇದ್ದಿಲಿನಿಂದ ಗೀರಿದೆ.

ಮೂರನ್ನೂ ಎಬ್ಬಿಸಿ ಬದಲಿ ಕಲ್ಲು ಕೂರಿಸಿದೆವು. ಮಧ್ಯಾಹ್ನ ಎರಡಾಗಿತ್ತು. ಇನ್ನು ಮಣ್ಣು ಹಾಕುವುದೊಂದೇ ಬಾಕಿ. ಬುಟ್ಟಿ ಹಿಡಿದ ಆಳು ಏಣಿಯ ಬುಡದಲ್ಲಿ ಕಾಯುತ್ತಿದ್ದ. ಮುದುಕಿ ಅವನಿಗೂ ನನಗೂ ಮಜ್ಜಿಗೆ ತಂದಿಟ್ಟು, "ಕುಡಿ. ಹೊಡ್ತ ತಿನ್ಲಿಕ್ಕೂ ಹೊಟ್ಟ್ಯಾಗ ಏನರೆ ಇರಬೇಕು," ಎಂದಳು.

ಯಜಮಾನ ಬೇವಿನ ಗಿಡದ ಹತ್ತಿರ ಹೋಗಿ ಕಾಕಾನ ಮುಂದೆ ನಿಂತ. ಮೊದಲ ದಿನದ ದನಿಯಲ್ಲ ಅದು.

"ಹಿರ್ಯಾರ, ನಿಮಗ ಬಾಯಿಗಿ ಬಂದಂಗ ಅಂದೀನಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಈಗ ನೀವು ಹೇಳ್ರಿ. ನಾಳಿ ಇದರ ಕೆಳಗ ಮಂದೀನ್ನ ಕುಂಡ್ರಸ್ಲೇನು?"

ಕಾಕಾ ನನ್ನ ಕಡೆ ಗಲ್ಲ ತೋರಿಸಿದ. "ಅವನ್ನ ಕೇಳ್ರಿ. ನೋಡಿದಾಂವ ಅವ."

ಯಜಮಾನ ತಿರುಗಿ ತಲೆ ಎತ್ತಿ ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತ ಅವನ ತಾಯಿಯೂ ನೋಡಿದಳು. ಒಂಬತ್ತು ಹಾಕಿದ್ದೆ, ಒಂಬತ್ತೂ ಸಿಕ್ಕಿದ್ದವು. ಲೆಕ್ಕ ಸರಿಯಾಗಿತ್ತು. ನಾನು ಅರವತ್ತನಾಲ್ಕು ಕಲ್ಲುಗಳನ್ನೂ ಒಮ್ಮೆ ನೋಡಿದೆ. ಒಣಗಿ, ಬಿಸಿಲಿಗೆ ಎಲ್ಲವೂ ಒಂದೇ ಬಣ್ಣದಲ್ಲಿದ್ದವು.

"ಇನ್ನೊಂದು ಸಲ ತೋಯಿಸ್ತೀನ್ರಿ," ಎಂದೆ. "ಆಮ್ಯಾಲ ಹೇಳ್ತೀನಿ."

ಕೊಡ ತುಂಬಲು ಏಣಿ ಇಳಿಯತೊಡಗಿದೆ. ಕಾಕಾ ಎದ್ದ. ಮೊಣಕಾಲಿಗೆ ಕೈ ಊರಿ, ನಿಧಾನವಾಗಿ. ಬಂದು ನನ್ನ ಮುಖ ನೋಡದೆ ಇನ್ನೊಂದು ಕೊಡ ಎತ್ತಿಕೊಂಡ.

"ಈ ಸಲ ಆ ಕಡಿ ಗ್ವಾಡಿಯಿಂದ ಸುರು ಮಾಡು," ಎಂದ. "ಬೆಳಕು ಓರೆ ಬೀಳ್ತದ, ಎಳಿ ಕಾಣ್ತದ."